ಕೊಡಗಿನಲ್ಲಿ ನಾಣ್ಯ ಸಂಗ್ರಹದ ಸಂರಕ್ಷಣೆ

ನಾಣ್ಯ ಸಂಗ್ರಹದ ಸಂರಕ್ಷಣೆ ಎಂದರೆ ಹಳೆಯ ಅಥವಾ ಅಪರೂಪದ ನಾಣ್ಯಗಳನ್ನು ಅವುಗಳ ಲೋಹ, ಅಚ್ಚು, ಬರಹ ಮತ್ತು ಹಳಮೆಯ ಪದರ ಕೆಡದಂತೆ ಕಾಪಾಡುವ ವಿಧಾನ. ತೇವ, ಆಮ್ಲ, ಗಂಧಕಯುಕ್ತ ಅನಿಲ, ಉಜ್ಜುವಿಕೆ ಮತ್ತು ಕಳವು ನಾಣ್ಯಗಳಿಗೆ ಒದಗುವ ಮುಖ್ಯ ಅಪಾಯಗಳು. ನೈಋತ್ಯ ಮುಂಗಾರಿನ ಭಾರಿ ಮಳೆಗೆ ಒಳಗಾಗುವ ಕರ್ನಾಟಕದ ಕೊಡಗು ಜಿಲ್ಲೆಯಲ್ಲಿ ಇವುಗಳ ಪೈಕಿ ತೇವದ ಅಪಾಯವೇ ಅತಿ ದೊಡ್ಡದು. ಈ ಲೇಖನವು ಕೊಡಗಿನ ಮನೆಗಳಲ್ಲಿ ದೊರೆಯುವ ನಾಣ್ಯಗಳ ಬಗೆಗಳನ್ನೂ ಅವುಗಳನ್ನು ಮನೆಯಲ್ಲಿಯೇ ಸುರಕ್ಷಿತವಾಗಿ ಇಡುವ ಕ್ರಮವನ್ನೂ ವಿವರಿಸುತ್ತದೆ.

## ಹಿನ್ನೆಲೆ

ಕೊಡಗನ್ನು ಹಾಲೇರಿ ವಂಶದ ಅರಸರು 1834ರವರೆಗೆ ಆಳಿದರು. ಆ ವರ್ಷ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಈಸ್ಟ್ ಇಂಡಿಯಾ ಕಂಪನಿಯು ಪ್ರದೇಶವನ್ನು ತನ್ನ ಆಡಳಿತಕ್ಕೆ ಸೇರಿಸಿಕೊಂಡಿತು. ಮಲಬಾರು, ಮೈಸೂರು ಮತ್ತು ಕರಾವಳಿಗಳ ನಡುವಿನ ನಾಡಾದ್ದರಿಂದ ಇಲ್ಲಿ ಹಲವು ರಾಜ್ಯಗಳ ಹಣ ಓಡಾಡಿದೆ. ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಬಗೆಗಳು ಇವು:

* ವೀರರಾಯ ಪಣ: ಮಲಬಾರು ಮತ್ತು ಕೊಡಗಿನಲ್ಲಿ ಚಲಾವಣೆಯಲ್ಲಿದ್ದ ಅತಿ ಚಿಕ್ಕ ಚಿನ್ನದ ನಾಣ್ಯ. ತೂಕ ಅರ್ಧ ಗ್ರಾಂಗಿಂತಲೂ ಕಡಿಮೆ. ಬೆರಳಿನ ಸಂದಿಯಿಂದ ಜಾರಿದರೆ ಮರದ ನೆಲದ ಬಿರುಕಿನಲ್ಲಿ ಮಾಯವಾಗುವಷ್ಟು ಸಣ್ಣದು.
* ಮೈಸೂರಿನ ನಾಣ್ಯಗಳು: ಹೈದರಾಲಿಯ ಕಾಲದ ಶಿವ-ಪಾರ್ವತಿಯರ ಚಿತ್ರವಿರುವ ಚಿನ್ನದ ವರಹ, ಟಿಪ್ಪು ಸುಲ್ತಾನನ ಆನೆಯ ಚಿತ್ರದ ತಾಮ್ರದ ಕಾಸುಗಳು ಮುಂತಾದವು.
* ಬ್ರಿಟಿಷ್ ಕಾಲದ ನಾಣ್ಯಗಳು: 1835ರಿಂದ ಏಕರೂಪವಾಗಿ ಅಚ್ಚಾದ ಬೆಳ್ಳಿ ರೂಪಾಯಿ, ತಾಮ್ರ ಮತ್ತು ಕಂಚಿನ ಕಾಸುಗಳು, ಅಲೆಯಂಚಿನ ಒಂದಾಣೆ, 1943ರಿಂದ ಬಂದ ತೂತಿನ ಕಾಸು.
* ಚಿನ್ನದ ಸವರನ್: ಸುಮಾರು 7.98 ಗ್ರಾಂ ತೂಕದ, 22 ಕ್ಯಾರಟ್‌ನ ಬ್ರಿಟಿಷ್ ನಾಣ್ಯ.
* 1837ರ ಕೊಡಗು ಪದಕ: ಕೆನರಾ ಪ್ರದೇಶದಲ್ಲಿ ನಡೆದ ದಂಗೆಯ ಸಂದರ್ಭದಲ್ಲಿ ಕಂಪನಿಯ ಪರವಾಗಿ ನಿಂತ ಕೊಡಗರಿಗೆ ಚಿನ್ನ ಮತ್ತು ಬೆಳ್ಳಿಯಲ್ಲಿ ನೀಡಲಾದ ಪದಕ. ಇದರ ಮೇಲೆ ಕನ್ನಡ ಮತ್ತು ಇಂಗ್ಲಿಷ್ ಬರಹಗಳಿವೆ. ಪದಕವು ನಾಣ್ಯವಲ್ಲವಾದರೂ ಸಂರಕ್ಷಣೆಯ ಕ್ರಮ ಒಂದೇ.
* ಸ್ವತಂತ್ರ ಭಾರತದ ನಾಣ್ಯಗಳು: 1950ರ ಮೊದಲ ಸರಣಿ, 1957ರ ಏಪ್ರಿಲ್ 1ರಿಂದ ಜಾರಿಗೆ ಬಂದ ದಶಮಾಂಶ ಪದ್ಧತಿಯ ನಯಾ ಪೈಸೆಗಳು, ಅಲ್ಯೂಮಿನಿಯಂ ಪೈಸೆಗಳು, ಸ್ಮರಣಾರ್ಥ ನಾಣ್ಯಗಳು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಮೌಲ್ಯದ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಕೊನೆಗೊಂಡಿತು.

ಕೊಡವರ ಆಭರಣಗಳಲ್ಲಿಯೂ ನಾಣ್ಯಕ್ಕೆ ಸ್ಥಾನವಿದೆ. ವಿವಾಹಿತ ಸ್ತ್ರೀಯರು ಧರಿಸುವ *ಪತ್ತಾಕ್* ಎಂಬ ಪದಕದ ನಡುವೆ ಚಿನ್ನದ ನಾಣ್ಯವಿದ್ದು, ಸುತ್ತ ಕೆಂಪು ಹರಳುಗಳೂ ಮೇಲ್ಭಾಗದಲ್ಲಿ ಹೆಡೆಯೆತ್ತಿದ ನಾಗವೂ ಇರುತ್ತವೆ. ಮದುವೆಯ ಮುಹೂರ್ತದಲ್ಲಿ ಬಂಧುಗಳು ಅಕ್ಕಿ ಹಾಕಿ, ಕಿಂಡಿಯಿಂದ ಹಾಲು ಕುಡಿಸಿ, ಹಣವಿತ್ತು ಹರಸುವ ಪದ್ಧತಿಯಿದೆ. ಹೀಗೆ ಬಂದ ನಾಣ್ಯಗಳು ಬೆಲೆಗಿಂತ ನೆನಪಿಗಾಗಿ ಉಳಿದುಬಂದಿರುವುದುಂಟು.

## ಹವಾಮಾನ ಮತ್ತು ತೇವಾಂಶ

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಇದು ಇನ್ನೂ ಅಧಿಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ವಿಶೇಷವಾಗಿ ಕಕ್ಕಡ ತಿಂಗಳಲ್ಲಿ, ಬಿಸಿಲು ಕಾಣದ ದಿನಗಳು ಸಾಲಾಗಿ ಬರುತ್ತವೆ. ಆಗ ಚರ್ಮದ ವಸ್ತು, ಬಟ್ಟೆ, ಪುಸ್ತಕಗಳ ಮೇಲೆ ಬೂಷ್ಟು ಬೆಳೆಯುತ್ತದೆ. ಇದೇ ತೇವವು ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರವಾಗಿ ನಿಂತು ರಾಸಾಯನಿಕ ಕ್ರಿಯೆಗೆ ದಾರಿ ಮಾಡುತ್ತದೆ.

ಗಾಳಿಯು ಹಿಡಿದಿಡಬಲ್ಲ ನೀರಿನ ಪ್ರಮಾಣ ಉಷ್ಣತೆಯನ್ನು ಅವಲಂಬಿಸಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಈ ಮಿತಿ ಸುಮಾರು 30 ಗ್ರಾಂ. ಆದ್ದರಿಂದ 30 ಡಿಗ್ರಿ ಉಷ್ಣತೆ ಮತ್ತು ಶೇ. 60 ಸಾಪೇಕ್ಷ ಆರ್ದ್ರತೆಯ ಗಾಳಿಗೆ 20 ಡಿಗ್ರಿಯಷ್ಟು ತಣ್ಣಗಿರುವ ನಾಣ್ಯ ತಾಗಿದರೆ ಅದರ ಮೇಲೆ ನೀರು ಹನಿಗಟ್ಟುತ್ತದೆ. ಮಡಿಕೇರಿಯ ಚಳಿಯಿಂದ ಮೈಸೂರಿನ ಸೆಕೆಗೆ ಒಯ್ದ ನಾಣ್ಯದ ಪೆಟ್ಟಿಗೆಯನ್ನು ಕೂಡಲೇ ತೆರೆಯಬಾರದು ಎನ್ನುವುದಕ್ಕೆ ಕಾರಣ ಇದೇ. ಪೆಟ್ಟಿಗೆಯು ಕೋಣೆಯ ಉಷ್ಣತೆಗೆ ಬರುವವರೆಗೆ ಕೆಲವು ಗಂಟೆ ಮುಚ್ಚಿಯೇ ಇಡಬೇಕು.

ಮಿಶ್ರ ಸಂಗ್ರಹಕ್ಕೆ ಶೇ. 40ಕ್ಕಿಂತ ಕಡಿಮೆ ಸಾಪೇಕ್ಷ ಆರ್ದ್ರತೆ ಉತ್ತಮ. ಇಡೀ ಕೋಣೆಯನ್ನು ಮಳೆಗಾಲದಲ್ಲಿ ಈ ಮಟ್ಟದಲ್ಲಿಡುವುದು ಕಷ್ಟಸಾಧ್ಯವಾದ್ದರಿಂದ, ಗಾಳಿಯಾಡದ ಸಣ್ಣ ಪೆಟ್ಟಿಗೆಯೊಳಗೆ ಒಣ ವಾತಾವರಣವನ್ನು ನಿರ್ಮಿಸುವುದೇ ಪ್ರಾಯೋಗಿಕ ಮಾರ್ಗ.

## ಲೋಹಗಳು ಕೆಡುವ ಬಗೆ

| ಲೋಹ | ಉದಾಹರಣೆ | ಕಾಣುವ ಲಕ್ಷಣ | ಮುಖ್ಯ ಕಾರಣ |
|---|---|---|---|
| ಚಿನ್ನ | ಪಣ, ವರಹ, ಸವರನ್ | ಗೀರು, ಬಾಗು. ಕೆಲವೊಮ್ಮೆ ಕೆಂಪು ಚುಕ್ಕೆ | ಉಜ್ಜುವಿಕೆ. ಬೆರಕೆಯ ತಾಮ್ರ |
| ಬೆಳ್ಳಿ | 1835ರ ನಂತರದ ರೂಪಾಯಿ | ಹಳದಿ, ಕಂದು, ಬಳಿಕ ಕಪ್ಪು | ಗಂಧಕಯುಕ್ತ ಅನಿಲ |
| ತಾಮ್ರ, ಕಂಚು | ಆನೆ ಕಾಸು, ತೂತಿನ ಕಾಸು | ಹಸಿರು ಕಿಲುಬು | ತೇವ, ಉಪ್ಪು, ಬೆವರು |
| ಅಲ್ಯೂಮಿನಿಯಂ | 1, 2, 3 ಪೈಸೆ | ಬಿಳಿ ಪುಡಿ, ಸಣ್ಣ ಗುಳಿ | ಉಪ್ಪು, ಸುಣ್ಣದಂಥ ಕ್ಷಾರ |
| ಸ್ಟೇನ್‌ಲೆಸ್ ಸ್ಟೀಲ್ | 1988ರ ನಂತರದ ಸಣ್ಣ ನಾಣ್ಯ | ಅಪರೂಪಕ್ಕೆ ತುಕ್ಕಿನ ಚುಕ್ಕೆ | ಉಪ್ಪು, ದೀರ್ಘಕಾಲದ ತೇವ |

1940ರಿಂದ ಬಂದ ಆರನೆಯ ಜಾರ್ಜ್ ದೊರೆಯ ರೂಪಾಯಿಗಳಲ್ಲಿ ಬೆಳ್ಳಿಯ ಅಂಶ ಶೇ. 50 ಮಾತ್ರ, ಉಳಿದದ್ದು ತಾಮ್ರ, ನಿಕ್ಕಲ್ ಮತ್ತು ಸತು. ಹೀಗಾಗಿ ಇವು ಶೇ. 91.7 ಬೆಳ್ಳಿಯ ಹಿಂದಿನ ರೂಪಾಯಿಗಳಿಗಿಂತ ಬೇಗ ಬಣ್ಣಗೆಡುತ್ತವೆ.

ಬೆಳ್ಳಿಯನ್ನು ಕಪ್ಪಾಗಿಸುವ ಹೈಡ್ರೋಜನ್ ಸಲ್ಫೈಡ್ ಉಣ್ಣೆಯ ಬಟ್ಟೆ, ರಬ್ಬರ್, ಕೆಲವು ಬಗೆಯ ಕಾಗದಗಳಿಂದ ಹೊರಬರುತ್ತದೆ. ಕಾಫಿ ಪಲ್ಪಿಂಗ್ ನಡೆಯುವ ತೋಟದ ಮನೆಗಳಲ್ಲಿ ಕೊಳೆತ ಸಿಪ್ಪೆ ಮತ್ತು ನಿಂತ ತೊಳೆನೀರು ಕೂಡ ಈ ಅನಿಲದ ಮೂಲಗಳಾಗುತ್ತವೆ.

### ಕಂಚಿನ ರೋಗ

ತಾಮ್ರದ ಎಲ್ಲ ಹಸಿರೂ ಒಂದೇ ಅಲ್ಲ. ಗಟ್ಟಿಯಾಗಿ ಅಂಟಿಕೊಂಡ, ನುಣುಪಾದ ಹಸಿರು ಅಥವಾ ಕಂದು ಪದರವು ಲೋಹವನ್ನು ರಕ್ಷಿಸುತ್ತದೆ. ಇದಕ್ಕೆ ವಿರುದ್ಧವಾಗಿ, ಮುಟ್ಟಿದರೆ ಉದುರುವ ತಿಳಿಹಸಿರು ಪುಡಿಯು *ಕಂಚಿನ ರೋಗ*ದ ಲಕ್ಷಣ. ನಾಣ್ಯದೊಳಗೆ ಸೇರಿದ ಕ್ಲೋರೈಡ್ ಲವಣವು ತೇವ ಮತ್ತು ಆಮ್ಲಜನಕದೊಡನೆ ಸೇರಿ ಲೋಹವನ್ನು ಒಳಗಿನಿಂದ ತಿನ್ನುತ್ತದೆ; ಈ ಕ್ರಿಯೆಯಲ್ಲಿ ಹುಟ್ಟುವ ಆಮ್ಲವು ಮತ್ತಷ್ಟು ತಾಮ್ರವನ್ನು ಕರಗಿಸುತ್ತದೆ. ಮಣ್ಣಿನಲ್ಲಿ ಹೂತಿದ್ದ ನಾಣ್ಯಗಳಲ್ಲಿ ಇದು ಹೆಚ್ಚು. ಅಂಥ ನಾಣ್ಯವನ್ನು ಕೂಡಲೇ ಬೇರ್ಪಡಿಸಿ, ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿಟ್ಟು, ತಜ್ಞರಿಗೆ ತೋರಿಸಬೇಕು.

## ಶುಚಿಗೊಳಿಸುವಿಕೆ

ಸಂಗ್ರಹದ ನಾಣ್ಯಗಳಿಗೆ ಮನೆಗಳಲ್ಲಿ ಆಗುವ ಅತಿ ಹೆಚ್ಚಿನ ಹಾನಿ ಶುಚಿಗೊಳಿಸುವ ಪ್ರಯತ್ನದಿಂದಲೇ ಆಗುತ್ತದೆ. ಹುಣಸೆಹಣ್ಣು, ನಿಂಬೆರಸ, ವಿಭೂತಿ, ಬೂದಿ, ಹಲ್ಲುಪುಡಿ, ಪಾತ್ರೆ ತೊಳೆಯುವ ಪುಡಿ ಇವು ಹಿತ್ತಾಳೆಯ ದೀಪಕ್ಕೆ ಒಪ್ಪ ಕೊಡಲು ತಕ್ಕವು, ನಾಣ್ಯಕ್ಕಲ್ಲ. ಆಮ್ಲವು ಲೋಹದ ಮೇಲ್ಪದರವನ್ನು ಕರಗಿಸಿದರೆ, ಪುಡಿಯು ಅಕ್ಷರ ಮತ್ತು ಚಿತ್ರಗಳ ಅಂಚನ್ನು ಸವೆಸುತ್ತದೆ. ಹೀಗೆ ಹೊಳಪು ಬಂದ ನಾಣ್ಯದ ಮೌಲ್ಯ ಸಂಗ್ರಾಹಕರ ದೃಷ್ಟಿಯಲ್ಲಿ ಬಹಳವಾಗಿ ಕುಸಿಯುತ್ತದೆ, ಮತ್ತು ಕಳೆದುಹೋದ ಪದರವನ್ನು ಮರಳಿ ತರಲಾಗದು.

ಸಡಿಲ ಧೂಳು ಮತ್ತು ಮಣ್ಣನ್ನು ತೆಗೆಯಬೇಕಿದ್ದರೆ ಶುದ್ಧೀಕರಿಸಿದ ಬಟ್ಟಿನೀರಿನಲ್ಲಿ ಅದ್ದಿ, ಉಜ್ಜದೆ, ಮೃದುವಾದ ಬಟ್ಟೆಯ ಮೇಲೆ ಒತ್ತಿ ಪೂರ್ತಿ ಒಣಗಿಸಬಹುದು. ಕಂಚಿನ ರೋಗ ತಗುಲಿದ ನಾಣ್ಯಕ್ಕೆ ಇದು ಸಲ್ಲದು. ಎಣ್ಣೆಯ ಜಿಡ್ಡು ಮತ್ತು ಪ್ಲಾಸ್ಟಿಕ್‌ನಿಂದ ಇಳಿದ ಅಂಟನ್ನು ಶುದ್ಧ ಅಸಿಟೋನ್ ಕರಗಿಸುತ್ತದೆ. ಅದು ಸುಲಭವಾಗಿ ಹೊತ್ತಿಕೊಳ್ಳುವ ದ್ರವವಾದ್ದರಿಂದ ಗಾಜಿನ ಪಾತ್ರೆಯಲ್ಲಿ, ಗಾಳಿಯಾಡುವ ಕಡೆ, ಒಲೆ ಮತ್ತು ದೀಪದಿಂದ ದೂರದಲ್ಲಿ ಬಳಸಬೇಕು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಬೇರೆ ಪದಾರ್ಥಗಳೂ ಇರುವುದರಿಂದ ಅದು ಪರ್ಯಾಯವಲ್ಲ.

ಪೂಜೆಯಲ್ಲಿ ಇಡುವ ನಾಣ್ಯಗಳಿಗೆ ಅರಿಶಿನ, ಕುಂಕುಮ, ಹಾಲು ಮತ್ತು ಎಣ್ಣೆ ತಾಗುತ್ತವೆ. ಪೂಜೆಗೆಂದೇ ಕೆಲವು ಸಾಮಾನ್ಯ ನಾಣ್ಯಗಳನ್ನು ಮೀಸಲಿಟ್ಟು, ಅಪರೂಪದವನ್ನು ಮುಚ್ಚಿದ ಕವಚದಲ್ಲಿಯೇ ಇಡುವುದು ಎರಡನ್ನೂ ಉಳಿಸುವ ಉಪಾಯ.

ಪತ್ತಾಕ್‌ನಂಥ ಆಭರಣದಿಂದ ನಾಣ್ಯವನ್ನು ಬೇರ್ಪಡಿಸಬಾರದು; ಬೆಸುಗೆಯ ಗುರುತಿರುವ ನಾಣ್ಯಕ್ಕಿಂತ ಇಡಿಯಾದ ಆಭರಣವೇ ಹೆಚ್ಚು ಮಹತ್ವದ್ದು. ಟೊಳ್ಳು ಚಿನ್ನದ ಗುಂಡುಗಳೊಳಗೆ ಅರಗು ತುಂಬಿದ ಜೋಮಾಲೆಯಂಥ ಸರಗಳನ್ನು ದ್ರವದಲ್ಲಿ ನೆನೆಸುವುದಾಗಲಿ ಬಿಸಿ ಮಾಡುವುದಾಗಲಿ ಕೂಡದು.

## ಸಂಗ್ರಹಣಾ ಸಾಮಗ್ರಿಗಳು

* ಪ್ಲಾಸ್ಟಿಕ್: ಮೆತ್ತಗಿನ, ವಾಸನೆ ಬರುವ ಪಿವಿಸಿ ಹಾಳೆಗಳು ಕಾಲಕ್ರಮೇಣ ಅಂಟನ್ನೂ ಆಮ್ಲವನ್ನೂ ಬಿಟ್ಟು ನಾಣ್ಯದ ಮೇಲೆ ಹಸಿರು ಲೋಳೆಯನ್ನು ಉಂಟುಮಾಡುತ್ತವೆ. ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್, ಪಾಲಿಎಥಿಲೀನ್ ಕವಚಗಳು ಮತ್ತು ಅಕ್ರಿಲಿಕ್ ಡಬ್ಬಿಗಳು ಸುರಕ್ಷಿತ.
* ಮರ: ತೇಗ, ಬೀಟೆ ಮೊದಲಾದ ಮರಗಳೂ ಪ್ಲೈವುಡ್‌ನ ಅಂಟೂ ಸಾವಯವ ಆಮ್ಲದ ಆವಿಯನ್ನು ಬಿಡುತ್ತವೆ. ಪಾರಂಪರಿಕ ಪೆಟ್ಟಿಗೆಯನ್ನು ಹೊರಗವಚವಾಗಿ ಇಟ್ಟುಕೊಂಡು, ನಾಣ್ಯಗಳನ್ನು ಒಳಗೆ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಬಹುದು.
* ಕಾಗದ: ವೃತ್ತಪತ್ರಿಕೆಯಲ್ಲಿ ಸುತ್ತಬಾರದು. ಆಮ್ಲರಹಿತ ಕಾಗದದ ಲಕೋಟೆ ಒಳ್ಳೆಯದು.
* ಸ್ಟೇಪಲ್ ಪಿನ್ನು, ರಬ್ಬರ್ ಬ್ಯಾಂಡ್, ಅಂಟುಪಟ್ಟಿ: ಪಿನ್ನು ತುಕ್ಕು ಹಿಡಿದು ಗೀರುತ್ತದೆ, ರಬ್ಬರಿನ ಗಂಧಕವು ಬೆಳ್ಳಿಯ ಮೇಲೆ ಕಪ್ಪು ಗೆರೆ ಮೂಡಿಸುತ್ತದೆ, ಅಂಟು ಉಳಿದುಹೋಗುತ್ತದೆ.
* ಕರ್ಪೂರ, ನುಸಿಗುಳಿಗೆ: ಇವುಗಳ ಆವಿಯು ಮುಚ್ಚಿದ ಪೆಟ್ಟಿಗೆಯಲ್ಲಿ ಮತ್ತೆ ಹರಳುಗಟ್ಟುವುದರಿಂದ ನಾಣ್ಯಗಳ ಬಳಿ ಇಡಬಾರದು.

### ಸಿಲಿಕಾ ಜೆಲ್ ಬಳಕೆ

ಹತ್ತು ಲೀಟರ್ ಗಾತ್ರದ ಪೆಟ್ಟಿಗೆಯೊಳಗಿನ ಗಾಳಿಯಲ್ಲಿ, 20 ಡಿಗ್ರಿ ಉಷ್ಣತೆಯಲ್ಲಿ, ಇರಬಲ್ಲ ನೀರಾವಿ ಹೆಚ್ಚೆಂದರೆ 0.17 ಗ್ರಾಂ ಮಾತ್ರ. ಅದನ್ನು ಹೀರಲು ಚಿಟಿಕೆಯಷ್ಟು ಸಿಲಿಕಾ ಜೆಲ್ ಸಾಕು. ನಿಜವಾದ ಹೊರೆ ಬರುವುದು ಮುಚ್ಚಳದ ಸಂದಿಯಿಂದ ನುಸುಳುವ ಗಾಳಿಯಿಂದ ಮತ್ತು ಒಳಗಿರುವ ಕಾಗದ, ಬಟ್ಟೆ, ಮರಗಳಲ್ಲಿ ಅಡಗಿದ ತೇವದಿಂದ. ಆದುದರಿಂದ ಜೆಲ್‌ನ ಪ್ರಮಾಣಕ್ಕಿಂತ ಮುಚ್ಚಳದ ಬಿಗಿತ ಮುಖ್ಯ.

ಜೆಲ್ ನಾಣ್ಯಗಳಿಗೆ ತಾಗದಂತೆ ಬಟ್ಟೆಯ ಚೀಲದಲ್ಲಿರಬೇಕು. ಬಣ್ಣ ಬದಲಾಯಿಸುವ ಜೆಲ್ ತೇವದಿಂದ ತುಂಬಿದಾಗ ತಾನೇ ಸೂಚನೆ ನೀಡುತ್ತದೆ. ಅದನ್ನು ಸುಮಾರು 120 ಡಿಗ್ರಿಯಲ್ಲಿ ಕೆಲವು ಗಂಟೆ ಬಿಸಿಮಾಡಿ ಮರುಬಳಸಬಹುದು. ನೀಲಿ ಬಗೆಯಲ್ಲಿ ವಿಷಕಾರಿಯಾದ ಕೋಬಾಲ್ಟ್ ಲವಣ ಇರುವುದರಿಂದ ಅಡುಗೆಯ ಪಾತ್ರೆ ಬಳಸದೆ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಅಕ್ಕಿಯು ತೇವವನ್ನು ಸಾಕಷ್ಟು ಹೀರುವುದಿಲ್ಲ, ಹುಳುಗಳನ್ನೂ ಕರೆಯುತ್ತದೆ. ಸುಣ್ಣದ ಧೂಳು ಲೋಹವನ್ನು ಕೆಡಿಸುತ್ತದೆ. ಪೆಟ್ಟಿಗೆಯೊಳಗೆ ಸಣ್ಣ ಆರ್ದ್ರತಾ ಮಾಪಕವಿದ್ದರೆ ಊಹೆಯ ಅಗತ್ಯವಿರುವುದಿಲ್ಲ.

## ಸ್ಥಳ ಮತ್ತು ಋತುಕ್ರಮ

ಮಳೆ ಬಡಿಯುವ ಹೊರಗೋಡೆ, ಅಡುಗೆಮನೆ, ಸ್ನಾನದ ಮನೆ ಮತ್ತು ಒಲೆಯ ಮೇಲಿನ ಅಟ್ಟ ಸೂಕ್ತ ಸ್ಥಳಗಳಲ್ಲ. ಅಟ್ಟ ಬೆಚ್ಚಗಿದ್ದರೂ ಹೊಗೆಯ ಮಸಿ ಮತ್ತು ಆಮ್ಲದ ಆವಿ ಅಲ್ಲಿ ಸೇರುತ್ತವೆ. ಕಬ್ಬಿಣದ ಬೀರುವನ್ನು ಒಳಗೋಡೆಯ ಬದಿಯಲ್ಲಿ, ಗೋಡೆಗೆ ತಾಗದಂತೆ, ನೆಲದಿಂದ ತುಸು ಎತ್ತರದಲ್ಲಿ ಇಡುವುದು ಒಳ್ಳೆಯದು.

ಬಿಗಿಯಾದ ಪೆಟ್ಟಿಗೆಯು ಮುಚ್ಚಿದ ದಿನದ ಗಾಳಿಯನ್ನೇ ಒಳಗೆ ಹಿಡಿದಿಡುತ್ತದೆ. ಆದ್ದರಿಂದ ನಾಣ್ಯಗಳನ್ನು ಪರೀಕ್ಷಿಸಿ ಮುಚ್ಚಲು ಫೆಬ್ರವರಿಯ ಆಸುಪಾಸಿನ ಒಣ ದಿನಗಳು ತಕ್ಕವು. ಮೇ ತಿಂಗಳಲ್ಲಿ ಜೆಲ್ ಒಣಗಿಸಿ ಹಾಕಿ, ಮಳೆಗಾಲದುದ್ದಕ್ಕೂ ಅನಗತ್ಯವಾಗಿ ತೆರೆಯದೆ, ಮಳೆ ಹಿಂದೆ ಸರಿದ ಬಳಿಕ, ಹುತ್ತರಿಯ ಹೊತ್ತಿಗೆ, ಮತ್ತೊಮ್ಮೆ ನೋಡಬಹುದು. ನೋಡುವಾಗ ಕೈ ತೊಳೆದು ಒರೆಸಿಕೊಂಡು, ಮೆತ್ತನೆಯ ಬಟ್ಟೆಯ ಮೇಲೆ, ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಬೆರಳಿನ ಬೆವರಿನ ಉಪ್ಪು ತಾಮ್ರದ ಮೇಲೆ ಅಳಿಯದ ಗುರುತು ಬಿಡುತ್ತದೆ.

## ವಿಪತ್ತು ಮತ್ತು ಭದ್ರತೆ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸಂಭವಿಸಿದ ಭೂಕುಸಿತ ಮತ್ತು ನೆರೆಯಲ್ಲಿ ಜೋಡುಪಾಲ, ಮಕ್ಕಂದೂರು ಮುಂತಾದ ಕಡೆ ಜನರು ಉಟ್ಟ ಬಟ್ಟೆಯಲ್ಲಿಯೇ ಮನೆ ಬಿಡಬೇಕಾಯಿತು. 2019 ಮತ್ತು 2020ರಲ್ಲಿಯೂ ಜಿಲ್ಲೆಯಲ್ಲಿ ಕುಸಿತಗಳಾದವು. ಇಂಥ ಸಂದರ್ಭದಲ್ಲಿ ಸಂಗ್ರಹವನ್ನು ತೆಗೆಯಲು ಮನೆಯೊಳಗೆ ಮರಳುವುದು ಜೀವಕ್ಕೆ ಅಪಾಯ. ಅದಕ್ಕೆ ಮೊದಲೇ ಮಾಡಬಹುದಾದದ್ದು ದಾಖಲೆ: ಪ್ರತಿ ನಾಣ್ಯದ ಎರಡೂ ಮುಖಗಳ ಛಾಯಾಚಿತ್ರ, ತೂಕ, ವ್ಯಾಸ, ಬರಹ, ಅದು ಯಾರಿಂದ ಬಂದದ್ದು ಎಂಬ ವಿವರ. ಇದರ ಪ್ರತಿಯೊಂದು ಬೇರೆ ಊರಿನ ಬಂಧುಗಳ ಬಳಿ ಇರಬೇಕು. ಒಕ್ಕದ ಸಾಮೂಹಿಕ ಆಸ್ತಿಯಾಗಿರುವ ನಾಣ್ಯಗಳ ವಿಷಯದಲ್ಲಿ ಈ ಪಟ್ಟಿ ಮುಂದಿನ ತಲೆಮಾರಿನ ವಿವಾದಗಳನ್ನೂ ತಪ್ಪಿಸುತ್ತದೆ.

ಬೆಲೆಬಾಳುವ ನಾಣ್ಯಗಳಿಗೆ ಬ್ಯಾಂಕ್ ಲಾಕರ್ ಸೂಕ್ತ. 2022ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮಗಳ ಪ್ರಕಾರ ಬೆಂಕಿ, ಕಳವು, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದಾದ ನಷ್ಟಕ್ಕೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಬ್ಯಾಂಕಿನ ನಿರ್ಲಕ್ಷ್ಯವಿಲ್ಲದೆ, ನೆರೆಯಂಥ ಪ್ರಕೃತಿ ವಿಕೋಪದಿಂದಾದ ನಷ್ಟಕ್ಕೆ ಈ ಹೊಣೆ ಅನ್ವಯಿಸುವುದಿಲ್ಲ. ಲಾಕರಿನೊಳಗೂ ತೇವವಿರುವುದರಿಂದ ಬಿಗಿ ಡಬ್ಬಿ ಮತ್ತು ಸಿಲಿಕಾ ಜೆಲ್ ಅಲ್ಲಿಯೂ ಅಗತ್ಯ.

## ಕಾನೂನು

ನೂರು ವರ್ಷಕ್ಕಿಂತ ಹಳೆಯ ನಾಣ್ಯಗಳು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ಪುರಾವಸ್ತುಗಳಾಗುತ್ತವೆ. ಖಾಸಗಿ ವ್ಯಕ್ತಿಗಳು ಅವನ್ನು ವಿದೇಶಕ್ಕೆ ಒಯ್ಯುವಂತಿಲ್ಲ. ತೋಟ ಅಗೆಯುವಾಗ ಅಥವಾ ಹಳೆಯ ಮನೆ ಕೆಡಹುವಾಗ ದೊರೆತ ನಿಧಿಯು 1962ರ ಕರ್ನಾಟಕ ನಿಧಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಮತ್ತು ಅದನ್ನು ಸರ್ಕಾರದ ಅಧಿಕಾರಿಗಳಿಗೆ ತಿಳಿಸಬೇಕಾಗುತ್ತದೆ. ಚಲಾವಣೆಯಲ್ಲಿರುವ ನಾಣ್ಯಗಳನ್ನು ಕರಗಿಸುವುದು ಅಥವಾ ನಾಶಪಡಿಸುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ.

## ಸಂಸ್ಥೆಗಳು

ಮಡಿಕೇರಿ ಕೋಟೆಯೊಳಗಿನ ಹಿಂದಿನ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಡದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಲಖನೌದ ರಾಷ್ಟ್ರೀಯ ಸಾಂಸ್ಕೃತಿಕ ಸಂಪತ್ತಿನ ಸಂರಕ್ಷಣಾ ಸಂಶೋಧನಾ ಪ್ರಯೋಗಾಲಯವು ಮೈಸೂರಿನಲ್ಲಿ ಪ್ರಾದೇಶಿಕ ಪ್ರಯೋಗಾಲಯವನ್ನು ಹೊಂದಿದ್ದು, ಲೋಹವಸ್ತುಗಳ ಸಂರಕ್ಷಣೆಯೂ ಅದರ ಕಾರ್ಯವ್ಯಾಪ್ತಿಯಲ್ಲಿದೆ. ಕರ್ನಾಟಕದ ನಾಣ್ಯಗಳ ಅಧ್ಯಯನಕ್ಕೆ ಎ. ವಿ. ನರಸಿಂಹಮೂರ್ತಿ ಅವರ ಬರಹಗಳು ಮುಖ್ಯ ಆಕರಗಳು.

## ಇವನ್ನೂ ನೋಡಿ

* ನಾಣ್ಯಶಾಸ್ತ್ರ
* ಹಾಲೇರಿ ರಾಜವಂಶ
* ಕೊಡವರ ಆಭರಣಗಳು
* ಭಾರತೀಯ ರೂಪಾಯಿ