ಎಸ್ಪ್ರೆಸೊ ಮೆಷಿನ್ ತಗೊಳ್ತೀರಾ? ಮೊದಲು ಮನೆ ನೀರು ನೋಡ್ಕೊಳ್ಳಿ

ಕೋಲಾರ: ಮನೆಯಲ್ಲೇ ಎಸ್ಪ್ರೆಸೊ ಮಾಡೋ ಮೆಷಿನ್ ಈಗ ಆನ್‌ಲೈನ್‌ನಲ್ಲಿ ಹತ್ತು ಸಾವಿರ ರೂಪಾಯಿ ಒಳಗೂ ಸಿಗುತ್ತೆ. ಡಬ್ಬದ ಮೇಲೆ ‘15 ಬಾರ್’, ‘20 ಬಾರ್’ ಅಂತ ದೊಡ್ಡದಾಗಿ ಬರೆದಿರ್ತಾರೆ. ಅದಕ್ಕೆ ಮರುಳಾಗಬೇಡಿ. ಎಸ್ಪ್ರೆಸೊ ಇಳಿಯೋಕೆ ಸುಮಾರು 9 ಬಾರ್ ಒತ್ತಡ ಸಾಕು.

ನಮ್ಮ ಕಡೆ ಮುಖ್ಯವಾಗಿ ನೋಡಬೇಕಾದ್ದು ನೀರು. ಕೋಲಾರ, ಮಾಲೂರಿಗೆ ಯರಗೋಳ್ ನೀರು ಬಂದಿದ್ರೂ ಆರೂ ತಾಲ್ಲೂಕಿನಲ್ಲಿ ಇನ್ನೂ ಎಷ್ಟೋ ಮನೆಗಳಿಗೆ ಬೋರ್‌ವೆಲ್ ನೀರೇ. ಅದು ಗಡಸು. ಗೀಸರ್ ಕಾಯಿಲ್ ಮೇಲೆ ಕಟ್ಟೋ ಬಿಳಿ ಪದರ ಗೊತ್ತಲ್ಲ, ಅದೇ ಮೆಷಿನ್ ಒಳಗಿನ ಸಣ್ಣ ಪೈಪುಗಳಲ್ಲೂ ಕಟ್ಟುತ್ತೆ. ಮೊದಲು ಬಿಸಿ ಕಮ್ಮಿಯಾಗುತ್ತೆ, ಆಮೇಲೆ ಕಾಫಿ ಇಳಿಯೋದೇ ನಿಂತುಹೋಗುತ್ತೆ. ಶುದ್ಧ ನೀರಿನ ಘಟಕದ ಕ್ಯಾನ್ ನೀರು ಹಾಕಿ. ಆದರೂ ಕಂಪನಿ ಹೇಳಿದ ಹಾಗೆ ಆಗಾಗ ಡಿಸ್ಕೇಲ್ ಮಾಡ್ಲೇಬೇಕು.

ಹೆಚ್ಚಿನ ಮೆಷಿನ್‌ಗಳು ಸಾವಿರ ವ್ಯಾಟ್ ಆಸುಪಾಸು ಕರೆಂಟ್ ಎಳೀತವೆ, ಸಣ್ಣ ಇನ್ವರ್ಟರ್ ತಡೆಯಲ್ಲ. ಬೆಳಿಗ್ಗೆ ಕರೆಂಟ್ ಹೋದ್ರೆ ಹಿತ್ತಾಳೆ ಫಿಲ್ಟರೇ ಗತಿ, ಅದನ್ನ ಅಟ್ಟಕ್ಕೆ ಹಾಕ್ಬೇಡಿ.

ಫಿಲ್ಟರ್ ಕಾಫಿಗೆ ತರೋ ಚಿಕೋರಿ ಪುಡಿ ಇದಕ್ಕೆ ಬೇಡ, ಜಾಲರಿ ಕಟ್ಟಿಕೊಳ್ಳುತ್ತೆ. ಬರೀ ಕಾಫಿ ಬೀಜದ ಪುಡಿ ಕೇಳಿ. ಮಿಕ್ಸಿಯಲ್ಲಿ ಸಮನಾದ ಪುಡಿ ಬರಲ್ಲ, ಹಾಗಾಗಿ ಗ್ರೈಂಡರ್ ಇಲ್ಲದವರು ‘ಪ್ರೆಶರೈಸ್ಡ್ ಬಾಸ್ಕೆಟ್’ ಇರೋ ಮಾಡೆಲ್ಲೇ ತಗೊಳ್ಳಿ.

ಅಂಗಡಿಯವರು ಗಮನಿಸಿ: ಮನೆ ಬಳಕೆಯ ಮೆಷಿನ್‌ನ ವ್ಯಾಪಾರಕ್ಕೆ ಇಟ್ರೆ ಸಾಮಾನ್ಯವಾಗಿ ವಾರಂಟಿ ನಡೆಯಲ್ಲ. ದುಡ್ಡು ಕಟ್ಟೋ ಮೊದಲು ಸರ್ವಿಸ್ ಎಲ್ಲಿ ಅಂತ ಕೇಳಿ. ಬೆಂಗಳೂರು ಅಂದ್ರೆ ಹೊತ್ಕೊಂಡು ಹೋಗಿ ಬರೋ ಖರ್ಚೂ ನಿಮ್ಮದೇ.