ಖಾಲಿ ಕುಪ್ಪಿಯ ಬೆಲೆ

ಕಳೆದ ವರ್ಷ ಊರಿಗೆ ಹೋಗುವಾಗ ಮಂಗಳೂರಿನಿಂದ ಹನ್ನೆರಡು ಗಾಜಿನ ಜಾಡಿಗಳನ್ನು ಹೊತ್ತುಕೊಂಡು ಬೆಳ್ತಂಗಡಿಯಲ್ಲಿ ಬಸ್ಸಿಳಿದಿದ್ದೆ. ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಗಳನ್ನೆಲ್ಲ ತೆಗೆದುಬಿಡಬೇಕೆಂಬ ಉತ್ಸಾಹ ನನ್ನದು. ಅಮ್ಮ ಒಂದೊಂದನ್ನೇ ಕಾಗದದಿಂದ ಬಿಚ್ಚಿ ನೋಡಿ, "ಚಂದ ಉಂಟು. ತೊಳೆಯುವವರು ಯಾರು?" ಎಂದರು. ಕರಾವಳಿಯ ದಿನಬಳಕೆಯ ವಸ್ತುಗಳ ಚರಿತ್ರೆಯನ್ನೇ ಪಿಎಚ್.ಡಿ.ಗೆ ಆರಿಸಿಕೊಂಡ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ.

ಗಾಜು ನಮ್ಮ ಅಡುಗೆಮನೆಯ ಮೂಲನಿವಾಸಿಯಲ್ಲ. ಬಂಟ್ವಾಳದ ಬಿ.ಸಿ.ರೋಡಿನಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತು ಸಂಗ್ರಹಾಲಯವಿದೆ. ತುಳುನಾಡಿನ ಮನೆ, ಗದ್ದೆಗಳ ಹಳೆಯ ವಸ್ತುಗಳನ್ನು ಅಲ್ಲಿ ನೋಡುತ್ತ ಹೋದರೆ ಹಿಂದಿನವರ ಶೇಖರಣೆಯ ಲೋಕ ಅರ್ಥವಾಗುತ್ತದೆ. ಅಕ್ಕಿಗೆ ಬೈಹುಲ್ಲಿನ ಮುಡಿ, ನೀರಿಗೆ ಮಣ್ಣಿನ ಮಡಕೆ, ಉಪ್ಪಿನಕಾಯಿಗೆ ಭರಣಿ, ಕಟ್ಟಿಕೊಡಲು ಬಾಳೆಲೆ, ಅಡಿಕೆ ಹಾಳೆ. ಇವುಗಳ ನಡುವೆ ತುಳುವಿನಲ್ಲಿ ನಾವು ಕುಪ್ಪಿ ಎನ್ನುವ ಗಾಜಿನ ಬಾಟಲಿ ತಡವಾಗಿ ಬಂದ ಅತಿಥಿ. ಅದು ಬಂದದ್ದೂ ಖಾಲಿಯಾಗಿ ಅಲ್ಲ. ಔಷಧವನ್ನೋ ಅತ್ತರನ್ನೋ ಸಾರಾಯಿಯನ್ನೋ ತುಂಬಿಕೊಂಡು ಬಂದು, ಒಳಗಿನದ್ದು ಮುಗಿದ ಮೇಲೆ ಮನೆಯಲ್ಲೇ ಉಳಿದುಬಿಟ್ಟಿತು.

ಭಾರತದಲ್ಲಿ ಬಹುಕಾಲ ಒಳ್ಳೆಯ ಬಾಟಲಿ ಎಂದರೆ ಹಡಗಿನಲ್ಲಿ ಬಂದದ್ದೇ. ಸ್ವದೇಶಿ ಚಳವಳಿಯ ಕಾಲದಲ್ಲಿ, 1908ರಲ್ಲಿ, ಜನರಿಂದ ಒಂದೊಂದು ಪೈಸೆ ಸಂಗ್ರಹಿಸಿದ ನಿಧಿಯಿಂದ ಪುಣೆಯ ಹತ್ತಿರದ ತಳೇಗಾಂವ್‌ನಲ್ಲಿ 'ಪೈಸಾ ಫಂಡ್' ಗಾಜಿನ ಕಾರ್ಖಾನೆ ಶುರುವಾಯಿತು. ಗಾಜು ತಯಾರಿಸುವುದೂ ಆಗ ರಾಷ್ಟ್ರೀಯ ಹೋರಾಟದ ಭಾಗವಾಗಿತ್ತೆಂದರೆ ಒಂದು ಖಾಲಿ ಕುಪ್ಪಿಗೆ ಇದ್ದ ಬೆಲೆಯನ್ನು ಊಹಿಸಬಹುದು.

ಆ ಬೆಲೆಯ ಸುತ್ತ ಒಂದು ವ್ಯವಸ್ಥೆಯೇ ಬೆಳೆದಿತ್ತು. ಸರಕಾರಿ ಆಸ್ಪತ್ರೆಗೆ ಹೋಗುವವರು ಮನೆಯಿಂದಲೇ ಕುಪ್ಪಿ ಒಯ್ಯಬೇಕಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಕಂಪೌಂಡರ್ ಅದಕ್ಕೆ ಮಿಕ್ಸ್‌ಚರ್ ಸುರಿದು, ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತೋರಿಸಲು ಅಂಚು ಕತ್ತರಿಸಿದ ಕಾಗದದ ಪಟ್ಟಿಯನ್ನು ಹೊರಗೆ ಅಂಟಿಸುತ್ತಿದ್ದ. ಚಿಮಿಣಿ ಎಣ್ಣೆ ತರುವ ಕುಪ್ಪಿಯ ಕೊರಳಿಗೆ ಹಗ್ಗ ಕಟ್ಟಿರುತ್ತಿತ್ತು. ತೆಂಗಿನೆಣ್ಣೆಯನ್ನು ಅಂಗಡಿಯವರು ಕುಡ್ತೆಯಲ್ಲಿ ಅಳೆದು ನಾವು ಒಯ್ದ ಕುಪ್ಪಿಗೇ ಹಾಕುತ್ತಿದ್ದರು.

ಈ ವ್ಯವಸ್ಥೆಯ ಕೊನೆಯ ಕೊಂಡಿಯನ್ನು ನಾನೂ ಕಂಡಿದ್ದೇನೆ. ಮೂಡುಬಿದಿರೆಯಲ್ಲಿ ಪದವಿ ಓದುತ್ತಿದ್ದಾಗ ಒಂದು ಮಧ್ಯಾಹ್ನ ಸಾವಿರ ಕಂಬದ ಬಸದಿ ನೋಡಿ ಬರುತ್ತ, ದಾರಿಯ ಅಂಗಡಿಯಲ್ಲಿ ಗೋಲಿ ಸೋಡಾ ಕುಡಿದು ಬಾಟಲಿಯನ್ನು ಹಿಡಿದುಕೊಂಡೇ ಹೊರಟಿದ್ದೆ. "ಸೋಡಾ ನಿಮ್ಮದು, ಕುಪ್ಪಿ ನಮ್ಮದು" ಎಂದು ಅಂಗಡಿಯವರು ಕರೆದು ವಾಪಸು ಇಸಿದುಕೊಂಡರು. ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1870ರ ದಶಕದಲ್ಲಿ ರೂಪಿಸಿದ ಬಾಟಲಿ ಅದು. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯುವುದರಿಂದ ಬಿರಡೆ ಬೇಕಿಲ್ಲ. ತೊಳೆದು, ಮತ್ತೆ ತುಂಬಿ, ಮತ್ತೆ ಮಾರಬಹುದು.

ಇದನ್ನೆಲ್ಲ ಓದಿ ಹಿಂದಿನವರು ಪರಿಸರಪ್ರೇಮಿಗಳಾಗಿದ್ದರು ಎಂದು ಬರೆದುಬಿಡುವ ಆಸೆ ನನಗೂ ಆಗಿತ್ತು. ಅದು ಪೂರ್ತಿ ನಿಜವಲ್ಲ. ಕುಪ್ಪಿ ದುಬಾರಿ, ಆದ್ದರಿಂದ ಅದು ಮರಳಿ ಬರುತ್ತಿತ್ತು. ಮರಳಿ ಬಂದದ್ದನ್ನು ತೊಳೆಯುವ ಕೆಲಸ ಹೆಂಗಸರದು. ಎಣ್ಣೆಯ ಜಿಡ್ಡಿಗೆ ಬೂದಿ, ಸೀಗೆಪುಡಿ; ತೊಳೆಯಲು ಬಾವಿಯಿಂದ ಸೇದಿದ ನೀರು; ಕೈಜಾರಿ ಒಡೆದರೆ ಬೈಗುಳ. ಹಗುರವಾದ ಪ್ಲಾಸ್ಟಿಕ್ ಕೊಡ ಮನೆಗೆ ಬಂದ ದಿನ ಅಜ್ಜಿಗೆ ಆದ ಸಂತೋಷವನ್ನು ಅಮ್ಮ ಈಗಲೂ ನೆನೆಯುತ್ತಾರೆ. ಆ ಸಂತೋಷವನ್ನು ಬಿಟ್ಟು ಪ್ಲಾಸ್ಟಿಕ್ಕಿನ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ.

ಇನ್ನರ್ಧ ಅಂಗಡಿಯಲ್ಲಿದೆ. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆ ತಿಂದು ಹಲವರು ಸತ್ತರು. ಅದೇ ವರ್ಷ ಕೇಂದ್ರ ಸರಕಾರ ಖಾದ್ಯತೈಲವನ್ನು ಪೊಟ್ಟಣದಲ್ಲೇ ಮಾರಬೇಕೆಂಬ ಆದೇಶ ತಂದಿತು. ಕಾರಣ ನ್ಯಾಯವಾದದ್ದೇ. ಆದರೆ ಎಣ್ಣೆಯನ್ನು ಬಿಡಿಯಾಗಿ ಅಳೆದು ಕೊಡುವುದು ನಿಂತಂತೆ ಮನೆಯ ಕುಪ್ಪಿಗೆ ಕೆಲಸವೂ ತಪ್ಪಿತು. ಎಣ್ಣೆ, ಹಾಲು, ಉಪ್ಪು ಎಲ್ಲವೂ ತೊಟ್ಟೆಯಲ್ಲಿ ಬರತೊಡಗಿದವು. 2016ರಲ್ಲಿ ಕರ್ನಾಟಕ ಸರಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿದಾಗಲೂ ಹಾಲಿನ ತೊಟ್ಟೆಗೆ ವಿನಾಯಿತಿ ಇತ್ತು. ತೊಟ್ಟೆಯಲ್ಲಿ ತಂದದ್ದನ್ನು ಗಾಜಿನ ಜಾಡಿಗೆ ಸುರಿದರೆ ಕಪಾಟು ಚಂದವಾಗುತ್ತದೆ. ತೊಟ್ಟೆ ಮಾತ್ರ ಹಿತ್ತಲಿನ ತೆಂಗಿನ ಬುಡಕ್ಕೋ ನೇತ್ರಾವತಿಗೋ ಹೋಗುತ್ತದೆ.

ಗಾಜೇನೂ ಪುಕ್ಕಟೆಯದಲ್ಲ. ಮರಳು, ಸೋಡಾ, ಸುಣ್ಣಕಲ್ಲನ್ನು ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಬೇಕು. ಭಾರವಾದ್ದರಿಂದ ಸಾಗಾಟಕ್ಕೂ ಇಂಧನ ಹೆಚ್ಚು. ಒಂದೆರಡು ಸಲ ಬಳಸಿ ಎಸೆಯುವ ಗಾಜಿಗಿಂತ ಪ್ಲಾಸ್ಟಿಕ್ಕೇ ಹಗುರ ಹೊರೆ ಎನ್ನಬೇಕಾದೀತು. ಗಾಜಿನ ಗುಣ ಇರುವುದು ಅದು ಎಷ್ಟು ಸಲ ಮರಳುತ್ತದೆ ಎಂಬುದರಲ್ಲಿ. ಮರಳಬೇಕಾದರೆ ಅಳೆದು ಕೊಡುವ ಅಂಗಡಿ ಬೇಕು, ಖಾಲಿ ಕುಪ್ಪಿಗೆ ಬೆಲೆ ಬೇಕು, ತೊಳೆಯುವ ಕೈ ಬೇಕು. ನಾನು ಮಂಗಳೂರಿನಿಂದ ತಂದದ್ದು ಜಾಡಿಯನ್ನು ಮಾತ್ರ.

ಅಂಗಡಿಯನ್ನು ನಾನೊಬ್ಬ ಬದಲಿಸಲಾರೆ. ಆದರೆ ಮನೆಯ ತೆಂಗಿನಕಾಯಿಯ ಕೊಬ್ಬರಿಯನ್ನು ಮಿಲ್ಲಿಗೆ ಕೊಟ್ಟು ಎಣ್ಣೆ ಮಾಡಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಇಷ್ಟು ವರ್ಷ ಆ ಎಣ್ಣೆ ಪ್ಲಾಸ್ಟಿಕ್ ಕ್ಯಾನಿನಲ್ಲಿ ಬರುತ್ತಿತ್ತು. ಈ ಬೇಸಗೆಯಲ್ಲಿ ಅಟ್ಟದಿಂದ ಅಜ್ಜಿಯ ಕಾಲದ ನಾಲ್ಕು ದೊಡ್ಡ ಕುಪ್ಪಿಗಳನ್ನು ಇಳಿಸಿದೆವು. ನಾನೂ ತಮ್ಮನೂ ಬಾವಿಕಟ್ಟೆಯ ಬಳಿ ಕುಳಿತು, ಬಿಸಿನೀರು, ಸೀಗೆಪುಡಿ ಹಾಕಿ ಉಜ್ಜಿದೆವು. ಒಂದು ಒಡೆಯಿತು. ಉಳಿದ ಮೂರನ್ನು ಅಮ್ಮ ಬೆಳಕಿಗೆ ಹಿಡಿದು ನೋಡಿ, ಒಂದನ್ನು ನನ್ನ ಕೈಗೇ ಮರಳಿಸಿ, "ಬುಡದಲ್ಲಿ ಜಿಡ್ಡು ಉಂಟು, ಇನ್ನೊಮ್ಮೆ ತೊಳೆ" ಎಂದರು.