ಹರಳೆಣ್ಣೆಯಿಂದ ಡಾಟ್ 4ರ ತನಕ

ಹರಳೆಣ್ಣೆ ಅಂದರೆ ನಮಗೆಲ್ಲ ನೆನಪಾಗೋದು ನೆತ್ತಿಗೆ ತಟ್ಟುವ ಎಣ್ಣೆ, ಇಲ್ಲಾ ಹೊಟ್ಟೆ ಕಟ್ಟಿದಾಗ ಅಜ್ಜಿ ಕುಡಿಸುತ್ತಿದ್ದ ಔಷಧಿ. ಒಂದು ಕಾಲದಲ್ಲಿ ಕಾರು ನಿಲ್ಲಿಸುತ್ತಿದ್ದದ್ದೂ ಇದೇ ಎಣ್ಣೆ ಅಂದರೆ ನಂಬ್ತೀರಾ?

ಮೊದಮೊದಲು ಬ್ರೇಕಿಗೆ ಇದ್ದದ್ದು ಬರೀ ಸರಳು, ತಂತಿ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಎಂಬಾತ ಪೆಡಲಿನ ಒತ್ತಡವನ್ನು ದ್ರವದ ಮೂಲಕ ಚಕ್ರಕ್ಕೆ ಮುಟ್ಟಿಸುವ ದಾರಿ ಹುಡುಕಿದ. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಕ್ಕೆ ಈ ಹೈಡ್ರಾಲಿಕ್ ಬ್ರೇಕ್ ಬಂತು. ಫೋರ್ಡ್ ಕಂಪನಿ ಮಾತ್ರ 1939ರ ಮಾದರಿ ಬರುವವರೆಗೂ ಹಳೆಯದನ್ನೇ ಹಿಡಿದುಕೊಂಡಿತ್ತು.

ಸರಿ, ಕೊಳವೆಗೆ ಯಾವ ದ್ರವ ತುಂಬೋದು? ಎಂಜಿನ್ ಆಯಿಲ್ ಯಾಕಾಗಬಾರದು? ಒಳಗಿರುವ ರಬ್ಬರ್ ಸೀಲ್‌ಗೆ ಪೆಟ್ರೋಲಿಯಂ ಎಣ್ಣೆ ತಾಗಿದರೆ ಅದು ಉಬ್ಬಿ ಹಾಳಾಗುತ್ತದೆ. ಹರಳೆಣ್ಣೆ ಹಾಗೆ ಮಾಡುವುದಿಲ್ಲ. ಅದು ಮಂದ ಅಂತ ಆಲ್ಕೋಹಾಲ್ ಬೆರೆಸಿ ತೆಳುಮಾಡಿದರು. ತೊಂದರೆ ಶುರುವಾಗಿದ್ದು ಅಲ್ಲೇ... ಎಥೆನಾಲ್ 78 ಡಿಗ್ರಿಗೇ ಕುದಿಯುತ್ತದೆ. ಕುದ್ದರೆ ಆವಿ. ಒತ್ತಿದರೆ ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ!

ಆಮೇಲೆ ಗ್ಲೈಕಾಲ್ ಬಗೆಯ ದ್ರವ ಬಂತು. ಡಾಟ್ ಅಂದರೆ ಅಮೆರಿಕದ ಸಾರಿಗೆ ಇಲಾಖೆಯ ಹೆಸರಿನ ಮೊದಲಕ್ಷರಗಳು. ಅದರ ನಿಯಮದಂತೆ ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ, ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ಆದರೆ ಗ್ಲೈಕಾಲ್ ಗಾಳಿಯ ತೇವ ಹೀರುತ್ತದೆ. ನೀರು ಸೇರಿದ ದ್ರವಕ್ಕೆ ಇದೇ ಮಿತಿ 140 ಮತ್ತು 155ಕ್ಕೆ ಇಳಿಯುತ್ತದೆ.

ಡಾಟ್ 5 ಸಿಲಿಕೋನ್. ನೀರು ಹೀರುವುದಿಲ್ಲ, ಆದರೆ ಗ್ಲೈಕಾಲ್ ಜೊತೆ ಬೆರೆಯುವುದೂ ಇಲ್ಲ. ಡಾಟ್ 5.1 ಮತ್ತೆ ಗ್ಲೈಕಾಲ್! ಹೆಸರಿಟ್ಟವರಿಗೆ ಏನನ್ನೋಣ ಹೇಳಿ. ಫ್ರಾನ್ಸಿನ ಸಿಟ್ರೊಯೆನ್ ಡಿ.ಎಸ್. ಕಾರು 1960ರ ದಶಕದಲ್ಲಿ ಹಸಿರು ಖನಿಜ ತೈಲಕ್ಕೆ ಬದಲಾಯಿತು. ಅದಕ್ಕೆ ಸೀಲ್‌ಗಳನ್ನೂ ಬದಲಿಸಬೇಕಾಯ್ತು.

ಇಷ್ಟೆಲ್ಲ ಓದಿದ ಮೇಲೆ ನನಗನ್ನಿಸಿದ್ದು ಇಷ್ಟೇ. ದೊಡ್ಡ ಅಂಕಿಯ ಡಬ್ಬಿ ಒಳ್ಳೇದು ಅಂತ ಕೊಳ್ಳುವುದಲ್ಲ; ಯಾವ ದ್ರವ ಅನ್ನೋದನ್ನು ಒಳಗಿನ ರಬ್ಬರು ಮೊದಲೇ ತೀರ್ಮಾನ ಮಾಡಿರುತ್ತದೆ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರೋದು ಅದನ್ನೇ. ಇನ್ನೊಂದು, ದ್ರವ ಹಳತಾದಷ್ಟೂ ನೀರು ಕುಡಿದಿರುತ್ತದೆ. ಊರೊಳಗೆ ಓಡಾಡುವಾಗ ಅದು ಗೊತ್ತೇ ಆಗದಿರಬಹುದು. ಆಗುಂಬೆ, ಚಾರ್ಮಾಡಿ ಘಾಟಿ ಇಳಿಯುತ್ತಾ ಬ್ರೇಕ್ ಒತ್ತಿಕೊಂಡೇ ಬಂದಾಗ ಗೊತ್ತಾಗುತ್ತದೆ. ಅಷ್ಟರೊಳಗೆ ಬದಲಿಸಿಕೊಳ್ಳಿ ಮಾರಾಯ್ರೆ.